ಮರೆವಿನ ಪರೀಕ್ಷೆ: ಅಳೆಯುವ ಮುನ್ನ ಅಳತೆಗೋಲನ್ನು ನೋಡೋಣ

ತಲೆಗೆ ಪೆಟ್ಟು ಬಿದ್ದವರಿಗೂ ಮರೆವು ಆವರಿಸಿದ ಹಿರಿಯರಿಗೂ ಇಂದು ಮಿದುಳಿನ ಕಾರ್ಯಶಕ್ತಿಯನ್ನು ಅಳೆಯುವ ಪರೀಕ್ಷೆಗಳನ್ನು ಮಾಡಿಸುವುದುಂಟು. ಇವುಗಳ ಜೊತೆಗೆ, ರೋಗಿಯು ಮನಸ್ಸಿಟ್ಟು ಉತ್ತರಿಸುತ್ತಿರುವನೋ ಅಥವಾ ಮರೆವನ್ನು ನಟಿಸುತ್ತಿರುವನೋ ಎಂದು ತಿಳಿಯುವ ‘ಸಿಂಧುತ್ವ ಪರೀಕ್ಷೆ’ಗಳೂ ಇವೆ. ಪರಿಹಾರಧನದ ಮೊಕದ್ದಮೆಗಳಲ್ಲಿ ಇವುಗಳ ಫಲಿತಾಂಶಕ್ಕೆ ವಿಶೇಷ ತೂಕವುಂಟು.

ಇವುಗಳ ತತ್ತ್ವ ಸರಳವಾದುದು. ನೋಡಲು ಕಠಿಣವೆನಿಸಿದರೂ ವಾಸ್ತವದಲ್ಲಿ ಸುಲಭವಾದ ಕೆಲಸವೊಂದನ್ನು ಕೊಡುತ್ತಾರೆ. ಅದರಲ್ಲಿಯೂ ತೀರ ಕಡಿಮೆ ಅಂಕ ಬಂದರೆ ಸಂದೇಹಪಡುತ್ತಾರೆ. ಸ್ವಿಸ್ ಮನೋವಿಜ್ಞಾನಿ ಆಂದ್ರೆ ರೇ ಅವರ ಹೆಸರಿನ ಪರೀಕ್ಷೆಯಲ್ಲಿ 15 ಗುರುತುಗಳಿರುವ ಹಾಳೆಯನ್ನು 10 ಸೆಕೆಂಡು ತೋರಿಸಿ, ಬಳಿಕ ನೆನಪಿನಿಂದ ಬರೆಯಲು ಹೇಳುತ್ತಾರೆ. ಇಂಗ್ಲಿಷಿನ ಮೂರು ದೊಡ್ಡಕ್ಷರ, ಮೂರು ಚಿಕ್ಕಕ್ಷರ, ಮೂರು ಅಂಕಿ, ಮೂರು ರೋಮನ್ ಅಂಕಿ, ಮೂರು ಆಕೃತಿ. ಓದಿದವರಿಗೆ ಇವು ಐದೇ ಸಾಲುಗಳು. 9ಕ್ಕಿಂತ ಕಡಿಮೆ ನೆನಪಾದರೆ ಸಂದೇಹವೆಂಬುದು ರೂಢಿಯ ಮಿತಿ.

ಆದರೆ ಶಾಲೆಯ ಮೆಟ್ಟಿಲನ್ನೇರದ, ಲೇಖನಿಯನ್ನೇ ಹಿಡಿಯದ ತಾಯಿಯೊಬ್ಬರಿಗೆ ಅವು ಹದಿನೈದು ಅಪರಿಚಿತ ಗೆರೆಗಳು. ಅಂಕಿಗಳನ್ನು ಕೇಳಿಸಿ ಅದೇ ಕ್ರಮದಲ್ಲಿಯೂ ಹಿಮ್ಮುಖವಾಗಿಯೂ ಹೇಳಿಸುವ ಪರೀಕ್ಷೆಯಲ್ಲಿಯೂ ಶಾಲೆಯ ಅಭ್ಯಾಸವೇ ನೆರವಾಗುತ್ತದೆ. ವಯಸ್ಸು, ವಿದ್ಯಾಭ್ಯಾಸ, ಮಾತೃಭಾಷೆಗಳನ್ನು ಲೆಕ್ಕಿಸದೆ ಒಂದೇ ಮಿತಿಯನ್ನು ಎಲ್ಲರಿಗೂ ಅನ್ವಯಿಸಿದರೆ, ಪ್ರಾಮಾಣಿಕರೂ ನಟಿಸುವವರೆಂಬ ಅಪವಾದಕ್ಕೆ ಗುರಿಯಾಗುತ್ತಾರೆ; ನ್ಯಾಯವಾದ ಪರಿಹಾರವೂ ಕೈತಪ್ಪಬಹುದು. ಹಾಗೆಂದು ಮಿತಿಯನ್ನು ಸುಮ್ಮನೆ ಇಳಿಸಿದರೆ ನಿಜವಾಗಿ ನಟಿಸುವವರು ನುಸುಳಿಕೊಳ್ಳುತ್ತಾರೆ. ಆದುದರಿಂದ ಒಂದೇ ಪರೀಕ್ಷೆಯನ್ನು ನಂಬದೆ ಹಲವನ್ನು ಕೂಡಿಸಿ ನೋಡುವುದೂ, ರೋಗಿಯಂಥವರ ಅಂಕಗಳೊಡನೆಯೇ ಹೋಲಿಸುವುದೂ ಸರಿಯಾದ ಮಾರ್ಗ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಮಿದುಳಿನ ಕಾರ್ಯಪರೀಕ್ಷೆಗಳಲ್ಲಿ ವಯಸ್ಸು, ಲಿಂಗ, ವಿದ್ಯಾಭ್ಯಾಸಗಳಿಗೆ ಅನುಗುಣವಾಗಿ ಬೇರೆಬೇರೆ ಮಾನದಂಡಗಳಿವೆ.

ನಮ್ಮ ಆಯುರ್ವೇದಕ್ಕೆ ಈ ದೃಷ್ಟಿ ಹೊಸತಲ್ಲ. ಚರಕಸಂಹಿತೆಯ ದಶವಿಧ ಪರೀಕ್ಷೆಯಲ್ಲಿ ಪ್ರಕೃತಿ, ಸತ್ತ್ವ, ಸಾತ್ಮ್ಯ, ವಯಸ್ಸುಗಳನ್ನು ವೈದ್ಯನು ಅರಿಯಬೇಕೆಂದಿದೆ. ರೋಗವನ್ನು ಮಾತ್ರವಲ್ಲ, ರೋಗಿಯನ್ನೂ ತಿಳಿಯಬೇಕೆಂಬುದೇ ಅದರ ಸಾರ.

ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೆ. ಮನೆಯ ಹಿರಿಯರನ್ನು ಇಂತಹ ಪರೀಕ್ಷೆಗೆ ಕರೆದೊಯ್ದಾಗ ಅವರು ಎಷ್ಟನೆಯ ತರಗತಿಯವರೆಗೆ ಓದಿದವರು, ಮನೆಯಲ್ಲಿ ಯಾವ ಭಾಷೆಯನ್ನಾಡುವರು, ಕಣ್ಣು ಕಿವಿಗಳು ಹೇಗಿವೆ ಎಂಬುದನ್ನು ಮೊದಲೇ ತಿಳಿಸಿರಿ. ಕನ್ನಡಕ, ಶ್ರವಣಯಂತ್ರಗಳನ್ನು ಮರೆಯದೆ ಒಯ್ಯಿರಿ. ಅಂಕ ಕಡಿಮೆ ಬಂದಿತೆಂದು “ನಾಟಕವಾಡುತ್ತಾರೆ” ಎಂದು ಗದರದಿರಿ. ಆ ಅಳತೆಗೋಲು ಅವರಂಥವರಿಗಾಗಿ ಸಿದ್ಧಪಡಿಸಿದುದೇ ಎಂದು ಪರೀಕ್ಷಕರನ್ನು ವಿನಯದಿಂದ ಕೇಳಿರಿ.