ಶಾಖದ ಮೂರು ನೆಲೆಗಳು

ದಾಸೋಹದ ಅಡುಗೆಮನೆಯಲ್ಲಿ ಪಳಗಿದ ಬಾಣಸಿಗರು ಕುದಿನೀರಿಗಿಂತ ಅದರ ಆವಿಗೆ ಹೆಚ್ಚು ಅಂಜುತ್ತಾರೆ. ಈ ಅಂಜಿಕೆ ಸಕಾರಣವಾದುದು. ಕುದಿಯುವ ಒಂದು ಗ್ರಾಂ ನೀರು ಮೈಮೇಲೆ ಬಿದ್ದು ದೇಹದ ಉಷ್ಣತೆಗೆ ಇಳಿಯುವಾಗ ಬಿಟ್ಟುಕೊಡುವ ಶಾಖ ಸುಮಾರು 63 ಕ್ಯಾಲೊರಿ. ಅಷ್ಟೇ ಉಷ್ಣತೆಯ ಒಂದು ಗ್ರಾಂ ಆವಿಯಾದರೋ ನೀರಾಗಿ ಮಾರ್ಪಡುವಾಗಲೇ 540 ಕ್ಯಾಲೊರಿಗಳನ್ನು ಸುರಿದುಬಿಡುತ್ತದೆ. ಹೊಸ ವಸ್ತುವೇನೂ ಅಲ್ಲಿ ಹುಟ್ಟಲಿಲ್ಲ. ದೂರ ಸರಿದಿದ್ದ ನೀರಿನ ಅಣುಗಳು ಮತ್ತೆ ಹತ್ತಿರ ಬಂದು, ಒಲೆಯಿಂದ ಪಡೆದು ಅಡಗಿಸಿಕೊಂಡಿದ್ದುದನ್ನು ಮರಳಿ ಒಪ್ಪಿಸಿದುವು. ಆದಕಾರಣವೇ ಇದಕ್ಕೆ ಗುಪ್ತೋಷ್ಣವೆಂದು ಹೆಸರು. ಇದು ಭೌತಕ್ರಿಯೆ.

ಸುಟ್ಟ ಸುಣ್ಣಕ್ಕೆ ನೀರೆರೆದಾಗ ಬೆಂಕಿಯಿಲ್ಲದೆಯೇ ಅದು ಕೊತಕೊತನೆ ಕುದಿಯುವುದು ಬೇರೊಂದು ಬಗೆ. ಸುಣ್ಣ 'ಅರಳಿತು' ಎನ್ನುತ್ತಾರೆ ನಮ್ಮ ಜನ. ಹೂವಿಗೆ ಸಲ್ಲುವ ಮಾತನ್ನು ಸುಣ್ಣಕ್ಕೂ ಸಲ್ಲಿಸಿದ ಅವರ ರಸಿಕತೆ ಮೆಚ್ಚತಕ್ಕದ್ದು. ಇಲ್ಲಿ ಸುಣ್ಣವೂ ನೀರೂ ಕೂಡಿ ಮೂರನೆಯದೊಂದು ವಸ್ತುವಾಗುತ್ತದೆ. ಪರಮಾಣುಗಳ ಬಂಧವೇ ಬದಲಾಗುತ್ತದೆ. ಆದರೂ ಗ್ರಾಮಿಗೆ ಹೊರಡುವುದು ಸುಮಾರು 270 ಕ್ಯಾಲೊರಿ ಮಾತ್ರ. ರಾಸಾಯನಿಕ ಶಾಖವೆಲ್ಲವೂ ಭೌತಿಕ ಶಾಖವನ್ನು ಮೀರುವುದೆಂದು ಭಾವಿಸಬಾರದು. ಶುದ್ಧ ಇಂಗಾಲವೋ ಉರಿದು ಆಮ್ಲಜನಕದೊಡನೆ ಕೂಡುವಾಗ 7,800ರಷ್ಟು ಕೊಡುತ್ತದೆ.

ಈ ಎರಡರಲ್ಲಿಯೂ ಪರಮಾಣುವಿನ ಬೀಜ ಅಲುಗುವುದಿಲ್ಲ. ಯುರೇನಿಯಂ-235ರ ಬೀಜಕ್ಕೆ ನ್ಯೂಟ್ರಾನೊಂದು ತಗುಲಿದಾಗ ಆ ಬೀಜವೇ ಸೀಳುತ್ತದೆ. ಹೋಳುಗಳನ್ನೂ ಹೊರಚಿಮ್ಮಿದ ನ್ಯೂಟ್ರಾನುಗಳನ್ನೂ ಒಟ್ಟುಗೂಡಿಸಿ ತೂಗಿದರೆ ಮೊದಲಿನ ತೂಕದಲ್ಲಿ ಸಾವಿರಕ್ಕೆ ಒಂದು ಪಾಲಿನಷ್ಟು ಕಡಿಮೆ. ಕಳೆದುಹೋದ ಆ ಪಾಲೇ ಶಕ್ತಿಯಾಗಿ ಹೊರಬಿದ್ದಿದೆ. ಹೋಳುಗಳು ಮಹಾವೇಗದಿಂದ ಸಿಡಿದು ಸುತ್ತಣ ಪರಮಾಣುಗಳನ್ನು ತಾಡಿಸುತ್ತವೆ. ಆ ತಾಡನವೇ ಶಾಖ. ಹೀಗೆ ಪೂರ್ಣವಾಗಿ ಸೀಳಿದ ಒಂದು ಗ್ರಾಂ ಯುರೇನಿಯಂ-235, ಎರಡೂವರೆ ಮೂರು ಟನ್ ಉತ್ತಮ ಕಲ್ಲಿದ್ದಲಿಗೆ ಸಮ. ನಮ್ಮ ಉತ್ತರ ಕನ್ನಡದ ಕೈಗಾದಲ್ಲಿ ನೀರನ್ನು ಆವಿಯಾಗಿಸಿ ವಿದ್ಯುತ್ತನ್ನು ಉತ್ಪಾದಿಸುವುದು ಈ ಶಾಖವೇ.

ಆದರೆ ಕೊಳ್ಳಿಯನ್ನು ಹೊರಗೆಳೆದರೆ ಒಲೆ ಆರುವಂತೆ ಇದು ಆರುವುದಿಲ್ಲ. ಸೀಳುವಿಕೆಯನ್ನು ನಿಲ್ಲಿಸಿದ ಮೇಲೆಯೂ ಆ ಹೋಳುಗಳು ವಿಕಿರಣವನ್ನು ಸೂಸುತ್ತ ತಾವಾಗಿಯೇ ಕಾಯುತ್ತವೆ; ನಿಲ್ಲಿಸಿದ ಕ್ಷಣದಲ್ಲಿ ಪೂರ್ಣಶಾಖದ ನೂರರಲ್ಲಿ ಆರೇಳು ಪಾಲು ಉಳಿದಿರುತ್ತದೆ. 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾದಲ್ಲಿ ಭೂಕಂಪವಾದೊಡನೆ, ನಡೆಯುತ್ತಿದ್ದ ಮೂರು ಸ್ಥಾವರಗಳು ತಾವಾಗಿಯೇ ನಿಂತಿದ್ದುವು. ಬಳಿಕ ಬಂದ ಸುನಾಮಿಯ ಅಲೆ, ತಂಪು ನೀರನ್ನು ಹರಿಸಲು ಬೇಕಾದ ವಿದ್ಯುತ್ತನ್ನು ಕೆಡಿಸಿತು. ಮೂರರಲ್ಲಿಯೂ ಇಂಧನ ಕರಗಿದ್ದು ಈ ಉಳಿಕೆಯ ಕಾವಿನಿಂದಲೇ. ಕೈಗಾದಲ್ಲಿಯೂ ಬಳಸಿ ಹೊರತೆಗೆದ ಇಂಧನವನ್ನು ವರ್ಷಗಟ್ಟಲೆ ನೀರಿನ ಕೊಳದಲ್ಲಿ ಮುಳುಗಿಸಿಡುತ್ತಾರೆ.