ಅಟ್ಟುವುದೂ ಬೇಟೆಯೇ? ವನ್ಯಜೀವಿ ಕಾಯಿದೆಯ ತೊಡಕಿನ ಮಾತುಗಳು

ಭಾರತದಲ್ಲಿ ಬೇಟೆಯನ್ನು ನಿಷೇಧಿಸುವ ಮೂಲ ಶಾಸನವಾದ 1972ರ ವನ್ಯಜೀವಿ (ಸಂರಕ್ಷಣೆ) ಕಾಯಿದೆಯು ಹುಲಿ, ಆನೆಗಳಂತಹ ಜೀವಿಗಳನ್ನು ಕಾಪಾಡುವುದರಲ್ಲಿ ವಹಿಸಿದ ಪಾತ್ರ ದೊಡ್ಡದೇ ಆದರೂ, ಅದರ ಮಾತುಗಳು ಕಾಡಂಚಿನಲ್ಲಿ ಭತ್ತ, ಮುಸುಕಿನ ಜೋಳ, ಅಡಿಕೆ ಬೆಳೆಯುವವರಿಗೆ ಸುಲಭವಾಗಿ ಅರ್ಥವಾಗುವಂತಿಲ್ಲ. ಕಾನೂನು ತಿಳಿದಿರಲಿಲ್ಲವೆಂಬುದು ತಪ್ಪಿಗೆ ಸಮರ್ಥನೆಯಾಗದು ಎಂಬ ನ್ಯಾಯಶಾಸ್ತ್ರದ ಹಳೆಯ ನಿಯಮವು ನ್ಯಾಯಸಮ್ಮತವಾಗಿ ಉಳಿಯಬೇಕಾದರೆ, ಕಾನೂನು ಓದಿದವರಿಗಾದರೂ ತಿಳಿಯುವಂತಿರಬೇಕು.

ತೊಡಕು ಮೊದಲಾಗುವುದು ಬೇಟೆಯೆಂದರೇನು ಎಂಬ ವ್ಯಾಖ್ಯೆಯಲ್ಲಿಯೇ. ಕಾಯಿದೆಯ 2ನೇ ಪ್ರಕರಣದ ಪ್ರಕಾರ ಪ್ರಾಣಿಯನ್ನು ಕೊಲ್ಲುವುದು ಮತ್ತು ವಿಷವಿಕ್ಕುವುದು ಮಾತ್ರವಲ್ಲ, ಹಿಡಿಯುವುದು, ಬೆನ್ನಟ್ಟುವುದು, ಉರುಳು ಹಾಕುವುದು, ಬೋನಿಗೆ ಕೆಡಹುವುದು, ಅಟ್ಟುವುದು, ಆಮಿಷವೊಡ್ಡುವುದು ಇವೆಲ್ಲವೂ, ಇವುಗಳಿಗೆ ಮಾಡುವ ಪ್ರತಿಯೊಂದು ಪ್ರಯತ್ನವೂ ಬೇಟೆಯೇ ಆಗುತ್ತದೆ. ಕಾಡುಹಕ್ಕಿಯ ಗೂಡನ್ನು ಕದಡಿದರೂ ಅದು ಬೇಟೆ. ವ್ಯಾಖ್ಯೆ ಇಷ್ಟು ವಿಸ್ತಾರವಾಗಿರುವುದಕ್ಕೆ ಸಕಾರಣವಿದೆ, ಏಕೆಂದರೆ ಉರುಳು ಹಾಕಿ ಸಿಕ್ಕಿಬಿದ್ದವನು ಪ್ರಾಣಿ ಇನ್ನೂ ಸತ್ತಿಲ್ಲವೆಂದು ಹೇಳಿ ಪಾರಾಗಬಾರದು. ಆದರೆ ಅಟ್ಟುವುದು ಎಂಬ ಒಂದು ಕ್ರಿಯೆಯ ವಿಷಯದಲ್ಲಿ ಈ ವಿಸ್ತಾರವೇ ಗೊಂದಲಕ್ಕೆ ಕಾರಣವಾಗಿದೆ. 1972ರ ಮೂಲ ಪಾಠದಲ್ಲಿ ಪ್ರಾಣಿಯನ್ನು ಹಿಡಿಯುವ ಅಥವಾ ಕೊಲ್ಲುವಂತಹ ಉದ್ದೇಶದಿಂದ ಅಟ್ಟಿದರೆ ಮಾತ್ರ ಅದು ಬೇಟೆಯಾಗಿತ್ತು. ಕಾಡಿನ ಒಂದು ಮಗ್ಗುಲಿನಿಂದ ಗದ್ದಲವೆಬ್ಬಿಸಿ, ಇನ್ನೊಂದು ಮಗ್ಗುಲಲ್ಲಿ ಕಾದು ನಿಂತ ಕೋವಿಗಾರರತ್ತ ಹಂದಿಯನ್ನೋ ಕಡವೆಯನ್ನೋ ತರುಬುವ ಪದ್ಧತಿಯನ್ನು ತಡೆಯುವುದಕ್ಕೆ ಅಷ್ಟು ಸಾಕಾಗಿತ್ತು. 2003ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಈ ವ್ಯಾಖ್ಯೆಯನ್ನು ಹೊಸದಾಗಿ ಬರೆದಾಗ ಉದ್ದೇಶವನ್ನು ಹೇಳುವ ಆ ಕೆಲವು ಪದಗಳು ಬಿಟ್ಟುಹೋದವು. ರಾತ್ರಿ ತಮಟೆ ಬಡಿದು ಅಥವಾ ಪಟಾಕಿ ಸಿಡಿಸಿ ಗದ್ದೆಯಿಂದ ಹಂದಿಗಳನ್ನು ಓಡಿಸುವ ರೈತನನ್ನು ಬೇಟೆಗಾರನೆಂದು ಎಣಿಸುವುದು ಶಾಸಕರ ಆಶಯವಾಗಿರಲಾರದು. ಆದರೆ ಇಂದಿನ ಪಾಠವನ್ನು ಅಕ್ಷರಶಃ ಓದಿದರೆ ಹಾಗೆ ಎಣಿಸುವುದಕ್ಕೆ ಎಡೆಯಿದೆ, ಮತ್ತು ಆ ಎಡೆಯನ್ನು ತುಂಬುವ ಕೆಲಸ ಪ್ರಕರಣ ದಾಖಲಿಸುವ ಅಧಿಕಾರಿಯ ವಿವೇಚನೆಗೆ ಬಿದ್ದಿದೆ. ದಂಡನೀಯ ಶಾಸನವೊಂದರಲ್ಲಿ ಇದು ಇರಬಾರದಾದ ದೋಷ.

ಎರಡನೆಯ ತೊಡಕು ಅನುಸೂಚಿಗಳದು. ಅನುಸೂಚಿಯೆಂದರೆ ಯಾವ ಪ್ರಾಣಿಗೆ ಎಷ್ಟು ರಕ್ಷಣೆಯೆಂದು ತಿಳಿಸಲು ಕಾಯಿದೆಯ ಕೊನೆಯಲ್ಲಿ ಕೊಟ್ಟಿರುವ ಪಟ್ಟಿ. ಆರಂಭದಲ್ಲಿ ಪರವಾನಗಿ ಪಡೆದು ಬೇಟೆಯಾಡಲು ಅವಕಾಶವಿದ್ದುದರಿಂದ ಕೆಲವು ಪಟ್ಟಿಗಳು ದೊಡ್ಡ ಬೇಟೆ, ಸಣ್ಣ ಬೇಟೆ ಎಂಬ ವಿಂಗಡಣೆಯ ಮೇಲೆ ನಿಂತಿದ್ದವು. 1991ರ ತಿದ್ದುಪಡಿಯು ಆ ಪರವಾನಗಿಗಳನ್ನೇ ರದ್ದುಪಡಿಸಿದ ಮೇಲೂ ಪಟ್ಟಿಗಳ ಹಳೆಯ ಚೌಕಟ್ಟು ಮೂರು ದಶಕ ಉಳಿದುಕೊಂಡಿತು. 2022ರಲ್ಲಿ ಅಂಗೀಕಾರವಾಗಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದ ತಿದ್ದುಪಡಿ ಆರು ಅನುಸೂಚಿಗಳನ್ನು ನಾಲ್ಕಕ್ಕೆ ಇಳಿಸಿ, ಪ್ರಾಣಿಗಳಿಗೆ ಎರಡನ್ನೇ ಮೀಸಲಿಟ್ಟಿತು. ಇದು ಸ್ವಾಗತಾರ್ಹ ಸರಳೀಕರಣವೇ. ಆದರೂ ಯಾವ ಪ್ರಾಣಿ ಯಾವ ಪಟ್ಟಿಯಲ್ಲಿದೆ ಎಂಬುದು ಸಣ್ಣ ಸಂಗತಿಯಲ್ಲ: ಮೊದಲನೆಯ ಪಟ್ಟಿಯ ಪ್ರಾಣಿಯನ್ನು ಬೇಟೆಯಾಡಿದವರಿಗೆ ಕನಿಷ್ಠ 3 ವರ್ಷ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬೇಕಾಗುತ್ತದೆ. ಹೆಸರಿನಲ್ಲಿ ಎರಡೂ ಹಂದಿಯೇ ಆದ ಕಾಡುಹಂದಿ ಮತ್ತು ಚಿಪ್ಪುಹಂದಿಗಳಲ್ಲಿ ಮೊದಲನೆಯದು ಎರಡನೇ ಅನುಸೂಚಿಯಲ್ಲಿದ್ದರೆ, ಎರಡನೆಯದು ಮೊದಲನೇ ಅನುಸೂಚಿಯಲ್ಲಿದೆ.

ಬೆಳೆಹಾನಿಗೆ ಕಾಯಿದೆ ಕೊಡುವ ಪರಿಹಾರವೂ ಈ ಪಟ್ಟಿಗಳನ್ನೇ ಅವಲಂಬಿಸಿದೆ. 11ನೇ ಪ್ರಕರಣದಡಿ ಎರಡನೇ ಅನುಸೂಚಿಯ ಪ್ರಾಣಿಯು ಮನುಷ್ಯರ ಜೀವಕ್ಕೆ ಅಥವಾ ನಿಂತ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯಕಾರಿಯಾದಾಗ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಕಾರಣಗಳನ್ನು ನಮೂದಿಸಿ ಲಿಖಿತ ಆದೇಶದ ಮೂಲಕ ಬೇಟೆಗೆ ಅನುಮತಿ ಕೊಡಬಹುದು. ಮೊದಲನೇ ಅನುಸೂಚಿಯ ಪ್ರಾಣಿಗಳ ಮಟ್ಟಿಗೆ ಬೆಳೆಯ ಪ್ರಸ್ತಾಪವೇ ಇಲ್ಲ. ಹೀಗಾಗಿ ಹಂದಿ ಹೊಲ ಉತ್ತಂತೆ ಮಾಡಿದರೆ ಅರ್ಜಿ ಹಾಕಲು ದಾರಿಯಿದೆ, ಬಿತ್ತಿದ ಕಾಳನ್ನು ನವಿಲು ಹೆಕ್ಕಿದರೆ ಇಲ್ಲ. ಆತ್ಮರಕ್ಷಣೆಗಾಗಿ ಸದುದ್ದೇಶದಿಂದ ಪ್ರಾಣಿಯನ್ನು ಕೊಂದರೆ ಅಪರಾಧವಲ್ಲ, ಆದರೆ ಆ ಹೊತ್ತಿಗೆ ವ್ಯಕ್ತಿಯು ಕಾಯಿದೆಯನ್ನು ಉಲ್ಲಂಘಿಸುತ್ತಿದ್ದರೆ ಆ ರಕ್ಷಣೆ ಸಿಗದು. ಅನುಮತಿ ಪಡೆದು ಕೊಂದ ಪ್ರಾಣಿಯೂ ಸರ್ಕಾರದ ಸ್ವತ್ತು. ಈ ಷರತ್ತುಗಳೆಲ್ಲ ಬಿಡಿಬಿಡಿಯಾಗಿ ಸಮಂಜಸವೇ. ಆದರೆ ಒಂದು ಪ್ರಕರಣದಿಂದ ಇನ್ನೊಂದಕ್ಕೆ, ಅಲ್ಲಿಂದ ಅನುಸೂಚಿಗೆ ಹಾರುತ್ತ ಓದಿದರೆ ಮಾತ್ರ ಅವು ಒಟ್ಟಾಗಿ ಕಾಣಸಿಗುತ್ತವೆ.

ಕೊಡಗಿನಲ್ಲಿ ಇದಕ್ಕೆ ಇನ್ನೊಂದು ಕಾನೂನು ಸೇರಿಕೊಳ್ಳುತ್ತದೆ. ಕೊಡವರಿಗೆ ಮತ್ತು ಜಮ್ಮಾ ಎಂಬ ಅಲ್ಲಿನ ವಂಶಪಾರಂಪರ್ಯ ಭೂಹಿಡುವಳಿ ಉಳ್ಳವರಿಗೆ ಕೋವಿ ಇಟ್ಟುಕೊಳ್ಳಲು ಪರವಾನಗಿಯಿಂದ ವಿನಾಯಿತಿಯಿದ್ದು, ಅದನ್ನು 2029ರವರೆಗೆ ವಿಸ್ತರಿಸಲಾಗಿದೆ. ಅದು ಶಸ್ತ್ರಾಸ್ತ್ರ ಕಾಯಿದೆಯಿಂದ ಮಾತ್ರ ವಿನಾಯಿತಿ. ಅದೇ ಕೋವಿಯಿಂದ ಕಾಡುಹಂದಿಗೆ ಗುಂಡು ಹಾರಿಸುವ ಹಕ್ಕು ಅದರಿಂದ ಬರುವುದಿಲ್ಲ.

ಅರ್ಜಿಯ ದಾರಿಯಲ್ಲದೆ ವನ್ಯಜೀವಿ ಕಾಯಿದೆಯಲ್ಲಿ ಇನ್ನೊಂದು ದಾರಿಯೂ ಇದೆ: ಅದರ 62ನೇ ಪ್ರಕರಣವು ಎರಡನೇ ಅನುಸೂಚಿಯ ಪ್ರಾಣಿಯೊಂದನ್ನು ನಿಗದಿತ ಪ್ರದೇಶದಲ್ಲಿ ನಿಗದಿತ ಅವಧಿಗೆ ಪೀಡಕ ಪ್ರಾಣಿಯೆಂದು, ಅಂದರೆ ರಕ್ಷಣೆಗೆ ಒಳಪಡದ ಉಪದ್ರವಕಾರಿಯೆಂದು ಘೋಷಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಡುತ್ತದೆ. ಉತ್ತರಾಖಂಡದ ಕೆಲವು ಜಿಲ್ಲೆಗಳಲ್ಲಿ 2016ರಲ್ಲಿ ಕಾಡುಹಂದಿಯನ್ನು ಹೀಗೆ ಘೋಷಿಸಲಾಗಿತ್ತು; ಅಂತಹ ಘೋಷಣೆಗೆ ಹೆಸರಿಸಿದ ಜಿಲ್ಲೆಗಳ ಆಚೆ ಬೆಲೆಯಿಲ್ಲ. ಕೇರಳವು 2022ರಲ್ಲಿ ಬೇರೆ ದಾರಿ ಹಿಡಿದು, 11ನೇ ಪ್ರಕರಣದ ಆಧಾರದ ಮೇಲೆಯೇ ಕಾಡುಹಂದಿ ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ವಹಿಸಿತು. ಯಾರನ್ನು ಕೇಳಬೇಕೆಂಬುದು ಅದರಿಂದ ಸ್ಪಷ್ಟವಾಯಿತು.

ಮಾತು ಮಸುಕಾಗಿರುವುದರ ಬೆಲೆಯನ್ನು ತೆರುವವರು ರೈತರು ಮಾತ್ರವಲ್ಲ. ಅನುಮತಿಯ ದಾರಿ ಕಾಣದವರು ಬೇಲಿಗೆ ನೇರವಾಗಿ ವಿದ್ಯುತ್ ಹರಿಸುವ, ಉರುಳು ಬಿಗಿಯುವ ಗುಟ್ಟಿನ ದಾರಿಗೆ ಇಳಿದಾಗ, ಹಂದಿಗೆಂದು ಒಡ್ಡಿದ್ದರಲ್ಲಿ ಆನೆ, ಚಿರತೆ, ಕೆಲವೊಮ್ಮೆ ಮನುಷ್ಯರೂ ಸಾಯುತ್ತಾರೆ. ಇದನ್ನು ತಪ್ಪಿಸಲು ನಿಷೇಧವನ್ನು ಸಡಿಲಗೊಳಿಸುವ ಅಗತ್ಯವಿಲ್ಲ. ಹಿಡಿಯುವ ಅಥವಾ ಕೊಲ್ಲುವ ಉದ್ದೇಶದಿಂದ ಅಟ್ಟುವುದು ಎಂಬ ಹಳೆಯ ಪದಗಳನ್ನು ವ್ಯಾಖ್ಯೆಗೆ ಮರಳಿಸಿ, ಅನುಸೂಚಿಗಳ ಕನ್ನಡ ಪಾಠದಲ್ಲಿ ವೈಜ್ಞಾನಿಕ ಹೆಸರಿನ ಪಕ್ಕದಲ್ಲಿ ಆಯಾ ಸೀಮೆಯ ಹೆಸರನ್ನೂ ಕೊಟ್ಟು, ಅನುಮತಿ ನೀಡುವ ಅಧಿಕಾರಿ ಯಾರು, ಅರ್ಜಿಯಲ್ಲಿ ಏನಿರಬೇಕು, ಎಷ್ಟು ದಿನಗಳಲ್ಲಿ ಉತ್ತರ ಸಿಗಬೇಕು, ಸತ್ತ ಪ್ರಾಣಿಯನ್ನು ಯಾರಿಗೆ ಒಪ್ಪಿಸಬೇಕು ಎಂಬುದನ್ನು ಒಂದೇ ಹಾಳೆಯಲ್ಲಿ ಅಚ್ಚುಮಾಡಿ ಕಾಡಂಚಿನ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಅಂಟಿಸಬೇಕು.