ಕಡಲು ದಾಟಿದ ಅರಸರು, ಹೊಳೆ ದಾಟಿದ ನಾಡು

ಬೇಸಿಗೆಯಲ್ಲಿ ಹರಿಹರದ ಹಳೆಯ ಸೇತುವೆಯ ಬಳಿ ನಿಂತರೆ ತುಂಗಭದ್ರೆ ಬಂಡೆಗಳ ನಡುವೆ ಸೆರಗಿನಂತೆ ಹರಿಯುತ್ತಾಳೆ. ಮಳೆಗಾಲದಲ್ಲಿ ಅದೇ ಹೊಳೆ ದಡದಿಂದ ದಡಕ್ಕೆ ಕೆಂಪಾಗಿ ತುಂಬಿರುತ್ತದೆ. ಈ ಕಮಾನು ಸೇತುವೆ ಕಟ್ಟಿ ಮುಗಿದದ್ದು 1868ರಲ್ಲಿ. ಇಂದು ಈಚೆ ದಡ ದಾವಣಗೆರೆ ಜಿಲ್ಲೆ, ಆಚೆ ದಡ ಹಾವೇರಿ ಜಿಲ್ಲೆ. ಸ್ವಾತಂತ್ರ್ಯಕ್ಕೆ ಮುಂಚೆ ಈಚೆಗೆ ಮೈಸೂರು ಮಹಾರಾಜರ ಸೀಮೆ, ಆಚೆಗೆ ಬಾಂಬೆ ಪ್ರಾಂತ್ಯ. ಬೆಂಗಳೂರಿನಿಂದ ದಾವಣಗೆರೆ, ಹರಿಹರ, ಹುಬ್ಬಳ್ಳಿ ಹಾದು ಪುಣೆಯತ್ತ ಹೋಗುವ ರೈಲಿಗೆ ಮೈಸೂರು ಸಂಸ್ಥಾನ ಇಲ್ಲಿಗೇ ಮುಗಿಯುತ್ತಿತ್ತು. ಅಲ್ಲಿಂದಾಚೆ ಬಾಂಬೆ, ಬಾಂಬೆಯಿಂದಾಚೆ ಕಡಲು.

ಆ ಕಡಲನ್ನು ನಮ್ಮ ಅರಸರೂ ದಾಟಿದರು. 1931ರಲ್ಲಿ ಕೈಲಾಸ ಯಾತ್ರೆ ಮಾಡಿ ಬಂದಿದ್ದ ನಾಲ್ವಡಿ ಕೃಷ್ಣರಾಜ ಒಡೆಯರು 1936ರಲ್ಲಿ ಯುರೋಪಿಗೆ ಹೋದರು. ಕಾಲ ಸಾಮಾನ್ಯದ್ದಾಗಿರಲಿಲ್ಲ. 1935ರ ಭಾರತ ಸರ್ಕಾರ ಕಾಯ್ದೆ ಬ್ರಿಟಿಷ್ ಪ್ರಾಂತ್ಯಗಳನ್ನೂ ದೇಶೀಯ ಸಂಸ್ಥಾನಗಳನ್ನೂ ಒಂದೇ ಒಕ್ಕೂಟಕ್ಕೆ ತರುವ ಮಾತಾಡಿತ್ತು. ಸೇರಬೇಕೇ ಬೇಡವೇ, ಸೇರಿದರೆ ಯಾವ ಷರತ್ತಿನ ಮೇಲೆ ಎಂಬ ಲೆಕ್ಕಾಚಾರ ಎಲ್ಲ ಅರಮನೆಗಳಲ್ಲೂ ನಡೆದಿತ್ತು. ಮೈಸೂರಿಗಂತೂ ಹಳೆಯ ನೋವೊಂದಿತ್ತು: ವರ್ಷಕ್ಕೆ 35 ಲಕ್ಷ ರೂಪಾಯಿ ಕಪ್ಪ. ಪಟ್ಟು ಬಿಡದೆ ಕೇಳಿದ ಮೇಲೆ 1920ರ ದಶಕದ ಕೊನೆಗೆ ಅದು 24.5 ಲಕ್ಷಕ್ಕೆ ಇಳಿದಿತ್ತು. 21 ತೋಪಿನ ಮರ್ಯಾದೆಯ ದೊರೆಗೂ ತನ್ನ ಪ್ರಜೆಗಳ ತೆರಿಗೆ ಹಣ ಉಳಿಸಿಕೊಳ್ಳಲು ದೂರದ ಸರ್ಕಾರದ ಒಪ್ಪಿಗೆ ಬೇಕಿತ್ತು.

ಇತ್ತ ಮನೆಯೊಳಗೆ ಪ್ರಜೆಗಳ ಪ್ರಶ್ನೆಯೇ ಬೇರೆಯಾಗಿತ್ತು: ನಮ್ಮ ಸರ್ಕಾರ ನಮಗೆ ಉತ್ತರ ಕೊಡುವುದು ಯಾವಾಗ? 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಮರುವರ್ಷ, ಮಹಾಯುದ್ಧ ಕವಿಯುತ್ತಿದ್ದ 1939ರಲ್ಲಿ, ರಾಜಕುಮಾರ ಜಯಚಾಮರಾಜರು ಯುರೋಪ್ ಪ್ರವಾಸ ಮಾಡಿದರು. ಲಂಡನ್ನಿನ ಕಲಾವಿದರು, ವಿದ್ವಾಂಸರ ಪರಿಚಯ ಮಾಡಿಕೊಂಡರು. 1940ರ ಮಾರ್ಚ್‌ನಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜರು, ಆಗಸ್ಟ್ 3ರಂದು ದೊಡ್ಡಪ್ಪ ನಾಲ್ವಡಿಯವರು ತೀರಿಕೊಂಡರು. ಇಪ್ಪತ್ತೊಂದರ ತರುಣನ ಹೆಗಲಿಗೆ ಸಿಂಹಾಸನ ಬಂತು.

ಆ ಆಳ್ವಿಕೆಯ ಎರಡು ಮುಖಗಳನ್ನು ನಮ್ಮೂರುಗಳಲ್ಲೇ ಕಾಣಬಹುದು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅಲ್ಲಿ ತಯಾರಾದ ಲೇತ್‌ಗಳು ದೇಶದ ವರ್ಕ್‌ಶಾಪುಗಳನ್ನು ಸೇರಿದವು. ಮರುವರ್ಷ, ಕ್ವಿಟ್ ಇಂಡಿಯಾ ಚಳವಳಿಯಲ್ಲಿ, ದಾವಣಗೆರೆಯ ಗೋಲಿಬಾರಿಗೆ ಆರು ಮಂದಿ ಬಲಿಯಾದರು. ಕಾರ್ಖಾನೆ ಕೊಟ್ಟ ರಾಜ್ಯದಲ್ಲೇ ಗುಂಡೂ ಹಾರಿತು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಅದು ಚರಿತ್ರೆಯಾಗದು.

1947ರ ಆಗಸ್ಟ್‌ನಲ್ಲಿ ಮಹಾರಾಜರು ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಆದರೆ ಜನರ ಕೈಗೆ ಅಧಿಕಾರ ಬಂದದ್ದು ಸೆಪ್ಟೆಂಬರ್‌ನ 'ಮೈಸೂರು ಚಲೋ' ಚಳವಳಿಯ ನಂತರ. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ಕಡಲಾಚೆ ಜಯಚಾಮರಾಜರ ಹೆಸರು ಆಗಲೂ ಓಡಾಡುತ್ತಿತ್ತು. 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಅವರೇ ಮೊದಲ ಅಧ್ಯಕ್ಷರು. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸಂಗೀತ ರಚನಕಾರ ರಿಚರ್ಡ್ ಸ್ಟ್ರಾಸ್‌ನ ಕೊನೆಯ ಹಾಡುಗಳು ಮೊದಲ ಬಾರಿಗೆ ಕೇಳಿಬಂದದ್ದು ಅವರ ಹಣದ ಬೆಂಬಲದಿಂದ. ಆದರೆ ಆ ಸಂಜೆ ಅವರು ಅಲ್ಲಿರಲಿಲ್ಲ. ದೊರೆ ಎನಿಸಿಕೊಂಡಿದ್ದವರು ಆಗ ಸಂವಿಧಾನದ ಅಡಿಯಲ್ಲಿ ರಾಜಪ್ರಮುಖರಾಗಿ ಮೈಸೂರಿನಲ್ಲಿದ್ದರು.

ಅರಸರು ಕಡಲು ದಾಟಿದರು. ಸಿಂಹಾಸನದ ಭವಿಷ್ಯ ಮಾತ್ರ ಲಂಡನ್ನಿನಲ್ಲಿ ನಿರ್ಧಾರವಾಗಲಿಲ್ಲ. ಶಿವಪುರ, ವಿದುರಾಶ್ವತ್ಥ, ದಾವಣಗೆರೆಯ ಬೀದಿಗಳಲ್ಲಿ ನಿರ್ಧಾರವಾಯಿತು. ಜಯಚಾಮರಾಜರ ದೊಡ್ಡತನವಿರುವುದು ಆ ತೀರ್ಪಿಗೆ ಕೊನೆಗೆ ತಲೆಬಾಗಿದ್ದರಲ್ಲಿ.

1956ರ ನವೆಂಬರ್ 1ರಂದು ಅವರು ಏಕೀಕೃತ ರಾಜ್ಯದ ಮೊದಲ ರಾಜ್ಯಪಾಲರಾದರು. ಹರಿಹರದ ಹೊಳೆಯ ಎರಡೂ ದಡ ಒಂದೇ ನಾಡಾದದ್ದು ಅಂದೇ.